ತಳದ ಮೀನಿಗೂ ಒಂದು ಎಲೆ

"ಇದೊಂದು ಹಾಕ್ಕೊಳ್ಳಿ ಸಾರ್, ತಳ ಎಲ್ಲ ಕ್ಲೀನ್ ಮಾಡುತ್ತೆ. ಇದಕ್ಕೆ ಅಂತ ಬೇರೆ ಫುಡ್ ಬೇಡ."

ಮನೆಗೆ ಮೊದಲ ಸಲ ಅಕ್ವೇರಿಯಂ ತರುವವರಲ್ಲಿ ಈ ಮಾತು ಕೇಳದವರು ಕಡಿಮೆ. ಗಪ್ಪಿ, ಟೆಟ್ರಾ, ಏಂಜಲ್ ಎಲ್ಲ ಆರಿಸಿ ಮುಗಿದ ಮೇಲೆ, ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಸುತ್ತುವ ಮುಂಚೆ, ಅಂಗಡಿಯವರು ಬಲೆಯಲ್ಲಿ ಒಂದು ಮೀಸೆ ಮೀನನ್ನೋ ಗಾಜಿಗೆ ಅಂಟಿಕೊಂಡ ಸಕ್ಕರ್ ಮೀನನ್ನೋ ಎತ್ತಿ ತೋರಿಸುತ್ತಾರೆ. ಕೊಳ್ಳುವವರೂ ಅದನ್ನು ಕಸ ಗುಡಿಸುವ ಸಾಧನವೆಂದೇ ಕೊಳ್ಳುತ್ತಾರೆ. ಕೆಲವು ತಿಂಗಳಾದ ಮೇಲೆ "ಮಿಕ್ಕ ಮೀನುಗಳೆಲ್ಲ ಚೆನ್ನಾಗಿವೆ, ಅದೊಂದು ಮಾತ್ರ ಯಾಕೋ ಹೋಗಿಬಿಡ್ತು" ಎನ್ನುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಹಳಷ್ಟು ಸಲ ಅದು ಹಸಿವಿನಿಂದ ಸತ್ತಿರುತ್ತದೆ.

ಎಲ್ಲರ ಊಟವಾದ ಮೇಲೆ ಎಂಜಲೆಲೆಗಳ ಮುಂದೆ ಒಬ್ಬನನ್ನು ಕೂರಿಸಿ, ಇದೇ ನಿನ್ನ ಊಟ ಎಂದರೆ ಹೇಗಿರುತ್ತದೋ ತಳದ ಮೀನುಗಳನ್ನು ನಾವು ಹಾಗೆ ಸಾಕುತ್ತಿದ್ದೇವೆ. ಅದೂ ಎಲೆಯ ಮೇಲೆ ಏನಾದರೂ ಉಳಿದಿದ್ದರೆ ಮಾತ್ರ. ಕಮ್ಯುನಿಟಿ ಟ್ಯಾಂಕ್, ಅಂದರೆ ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಬಿಟ್ಟಿರುವ ತೊಟ್ಟಿಯಲ್ಲಿ ಉಳಿಯುವುದೇ ಅಪರೂಪ. ಹಸಿದ ಟೆಟ್ರಾಗಳ ಗುಂಪು ಮೇಲೆ ಉದುರಿಸಿದ ಚಕ್ಕೆ ಆಹಾರವನ್ನು ಕ್ಷಣಗಳಲ್ಲಿ ಮುಗಿಸುತ್ತದೆ. ತಪ್ಪಿಸಿಕೊಂಡು ಕೆಳಗಿಳಿದ ಚೂರನ್ನು ನಡುನೀರಿನಲ್ಲಿ ಏಂಜಲ್ ಹಿಡಿಯುತ್ತದೆ. ತಳ ಮುಟ್ಟುವುದು ನೀರಿನಲ್ಲಿ ನೆನೆದು, ಕರಗುವ ಸತ್ವಗಳನ್ನೆಲ್ಲ ನೀರಿಗೆ ಬಿಟ್ಟುಕೊಟ್ಟ ಪುಡಿ. ಇನ್ನು ಮೀನಿನ ಹಿಕ್ಕೆಯ ವಿಷಯ. ಮೀಸೆ ಮೀನು ಅದನ್ನು ತಿಂದು ತೊಟ್ಟಿಯನ್ನು ಚೊಕ್ಕಟ ಮಾಡುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ, ಅದರಲ್ಲಿ ಹುರುಳಿಲ್ಲ. ಬಾಯಿಗೆ ಸಿಕ್ಕರೂ ಉಗಿಯುತ್ತದೆ.

ನಮ್ಮಲ್ಲಿ ಮೀನಿಗೆ ಊಟ ಹಾಕುವುದೆಂದರೆ ನೀರಿನ ಮೇಲೆ ನಡೆಯುವ ಕೆಲಸ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎಸೆಯದ ಮಕ್ಕಳಿಲ್ಲ. ಮಂಡಕ್ಕಿ ತೇಲುತ್ತದೆ, ದೊಡ್ಡ ದೊಡ್ಡ ಮೀನುಗಳು ಬಾಯಿ ತೆರೆದು ಮೇಲೇಳುತ್ತವೆ, ನೋಡುವವರಿಗೆ ಸಂತೋಷ. ಶಿಶಿಲದ ಕಪಿಲೆಯಲ್ಲೂ ಅದೇ ನೋಟ. ಅಲ್ಲಿ ಮೇಲೆದ್ದು ಬರುವವು ಪೆರುವೋಲಿನಂಥ ಮೀನುಗಳು. ಅದೇ ಹೊಳೆಗಳ ತಳದಲ್ಲಿ, ಕಲ್ಲಿನ ಸಂದಿಯಲ್ಲಿ, ಕೆಸರಿನಲ್ಲಿ ಇರುವ ಮೀಸೆ ಮೀನುಗಳು ಈ ಮಂಡಕ್ಕಿಗೆ ಬರುವುದಿಲ್ಲ. ಅವುಗಳ ಊಟದ ಜಾಗ ಬೇರೆ, ಹೊತ್ತು ಬೇರೆ, ಹುಡುಕುವ ಬಗೆಯೂ ಬೇರೆ. ಗಾಳ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಮುರುಗೋಡು, ಚೇಳು ಮೀನು ಬೇಕೆಂದರೆ ಅವರು ಕತ್ತಲಾಗುವವರೆಗೆ ಕಾಯುತ್ತಾರೆ, ಎರೆಹುಳ ಸಿಕ್ಕಿಸುತ್ತಾರೆ, ಗಾಳವನ್ನು ತಳಕ್ಕೆ ಇಳಿಬಿಡುತ್ತಾರೆ. ಮನೆಯ ತೊಟ್ಟಿಗೂ ಬೇಕಾದ ಪಾಠ ಹೆಚ್ಚುಕಡಿಮೆ ಅಷ್ಟೇ: ಕತ್ತಲು, ಹುಳದಂಥ ಆಹಾರ, ತಳ.

ಮೀಸೆ ಮೀನುಗಳು ಕಣ್ಣಿಗಿಂತ ಹೆಚ್ಚಾಗಿ ರುಚಿಯನ್ನು ನಂಬಿ ಬದುಕುವ ಪ್ರಾಣಿಗಳು. ಮೀಸೆಯ ಉದ್ದಕ್ಕೂ ರುಚಿಮೊಗ್ಗುಗಳಿವೆ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಎಂಬ ಜಾತಿಯ ಮೈಮೇಲೆ ಒಂದು ಲಕ್ಷಕ್ಕೂ ಹೆಚ್ಚು ರುಚಿಮೊಗ್ಗುಗಳಿವೆ. ಮನುಷ್ಯನ ನಾಲಗೆಯಲ್ಲಿ ಇರುವುದು ಕೆಲವು ಸಾವಿರ ಮಾತ್ರ. ಕಲಕಿದ ನೀರಿನಲ್ಲಿ, ಅಮಾವಾಸ್ಯೆಯ ಕತ್ತಲಲ್ಲಿ, ಎಲ್ಲೋ ಮಣ್ಣಿನಡಿ ಹುದುಗಿದ ಒಂದು ಹುಳದ ಸುಳಿವು ಮೀಸೆಗೆ ಸಿಗುತ್ತದೆ. ಆದರೆ ಸುಳಿವು ಹಿಡಿದು ಅಲ್ಲಿಗೆ ಹೋಗಲು ಮೀನಿಗೆ ಹೊತ್ತು ಬೇಕು. ಕಣ್ಣಿನಿಂದ ನೋಡಿ ನುಗ್ಗುವ ಟೆಟ್ರಾ, ಬಾರ್ಬ್‌ಗಳ ಜೊತೆ ವೇಗದ ಪೈಪೋಟಿಗೆ ಬಿಟ್ಟರೆ ಅದು ಸೋಲಲೇಬೇಕು.

ನಮ್ಮ ಮನೆಗಳ ತೊಟ್ಟಿಗೆ ಬರುವ ಮೀಸೆ ಮೀನುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕೋರಿಡೋರಾಸ್. ಹವ್ಯಾಸಿಗಳ ಬಾಯಲ್ಲಿ 'ಕೋರಿ'. ದಕ್ಷಿಣ ಅಮೆರಿಕದ ಹೊಳೆ, ತೊರೆಗಳ ಮೀನು. ಇವುಗಳಲ್ಲಿ ಚುಕ್ಕೆಚುಕ್ಕೆಯ ಪೆಪ್ಪರ್ಡ್ ಕೋರಿಯನ್ನು ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ ಸಂಗ್ರಹಿಸಿದ್ದರು. 1842ರಲ್ಲಿ ಲೆನರ್ಡ್ ಜೆನಿನ್ಸ್ ಅದನ್ನು ವಿವರಿಸಿದರು. ಬಲಿತ ಕೋರಿ ಐದಾರು ಸೆಂಟಿಮೀಟರ್ ಉದ್ದ. ಮೈಯ ಎರಡೂ ಬದಿಯಲ್ಲಿ ಚಿಪ್ಪಿನ ಬದಲು ಎರಡು ಸಾಲು ಎಲುಬಿನ ಫಲಕಗಳು, ಬಾಯಿಯ ಸುತ್ತ ಗಿಡ್ಡ ಮೀಸೆ.

ಕೋರಿ ಊಟ ಮಾಡುವುದನ್ನು ಗಾಜಿಗೆ ಮುಖವಿಟ್ಟು ನೋಡಬೇಕು. ಸಣ್ಣ ಮರಳಿನ ಮೇಲೆ ಮೀಸೆ ಆಡಿಸುತ್ತ ಬರುತ್ತದೆ. ಏನೋ ಹತ್ತಿದೊಡನೆ ನಿಂತು, ಕಣ್ಣಿನವರೆಗೂ ಮೂತಿಯನ್ನು ಮರಳಿಗೆ ಹೂತುಬಿಡುತ್ತದೆ. ಬಾಯಿ ತುಂಬ ಮರಳು ಎಳೆದುಕೊಳ್ಳುತ್ತದೆ. ತಿನ್ನುವಂಥದ್ದು ಒಳಗೆ ಉಳಿಯುತ್ತದೆ, ಮರಳು ಕಿವಿರಿನ ಸಂದಿಯಿಂದ ಎರಡೂ ಬದಿಗೆ ಸಣ್ಣ ಧಾರೆಯಾಗಿ ಸುರಿಯುತ್ತದೆ. ನಡುವೆ ಕಣ್ಣುಗುಡ್ಡೆಯನ್ನು ಕೆಳಕ್ಕೆ ಹೊರಳಿಸಿ ಮತ್ತೆ ಮೇಲೆ ತರುತ್ತದೆ. ಥೇಟ್ ಕಣ್ಣು ಮಿಟುಕಿಸಿದ ಹಾಗೆ ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮೇಲಕ್ಕೆ ನುಗ್ಗಿ ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ಇದು ಕಾಯಿಲೆಯಲ್ಲ, ಹೆದರಬೇಡಿ. ಕೋರಿಯ ಕರುಳಿನ ಹಿಂಭಾಗ ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳಬಲ್ಲದು. ಆದರೆ ಎಲ್ಲ ಕೋರಿಗಳೂ ಕ್ಷಣಕ್ಷಣಕ್ಕೂ ಮೇಲೆ ಹೋಗುತ್ತಿದ್ದರೆ ಮಾತ್ರ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ.

ಈ ಮೂತಿ ಹೂಳುವ ಊಟಕ್ಕೆ ತಳ ಹೊಂದಬೇಕು. ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಜಲ್ಲಿಕಲ್ಲು ಕೋರಿಯ ಪಾಲಿಗೆ ಒಳ್ಳೆಯದಲ್ಲ. ಕಾಳು ಆಹಾರ ಕಲ್ಲಿನ ಸಂದಿಯಲ್ಲಿ ಜಾರಿ ಕೆಳಗೆ ಸೇರುತ್ತದೆ. ಕೋರಿಗೆ ವಾಸನೆ ಹತ್ತುತ್ತದೆ, ಬಾಯಿ ಎಟುಕುವುದಿಲ್ಲ. ಆಹಾರ ಅಲ್ಲೇ ಕೊಳೆಯುತ್ತದೆ, ಆ ಕೊಳೆಯಲ್ಲಿ ಮೀಸೆ ತಿಕ್ಕಿ ತಿಕ್ಕಿ ಸೋಂಕಾಗಿ ಸವೆದುಹೋಗುತ್ತದೆ. ಮೀಸೆ ಮೊಂಡಾದ ಕೋರಿಗೆ ಊಟ ಹುಡುಕುವುದು ಇನ್ನೂ ಕಷ್ಟ. ನುಣ್ಣನೆಯ, ದುಂಡು ಕಣದ ಹೊಳೆಮರಳನ್ನು ಚೆನ್ನಾಗಿ ತೊಳೆದು ಎರಡು ಮೂರು ಸೆಂಟಿಮೀಟರ್ ದಪ್ಪ ಹಾಸಿದರೆ ಸಾಕು. ಕಟ್ಟಡದ ಕೆಲಸಕ್ಕೆ ಬರುವ ಎಂ-ಸ್ಯಾಂಡ್ ಬೇಡ. ಅದು ಬಂಡೆ ಒಡೆದು ಮಾಡಿದ ಪುಡಿ, ಕಣದ ಅಂಚು ಹರಿತ.

ಹಾಕಬೇಕಾದದ್ದು ಏನು? ಕೋರಿ ಕಾಡಿನ ಹೊಳೆಯಲ್ಲಿ ಮುಖ್ಯವಾಗಿ ಕೀಟಗಳ ಮರಿಹುಳ, ಸಣ್ಣ ಹುಳ, ಸೀಗಡಿ ಜಾತಿಯ ಕಿರುಜೀವಿಗಳನ್ನು ತಿಂದು ಬದುಕುತ್ತದೆ. ಹಾಗಾಗಿ ಅದಕ್ಕೆ ಮಾಂಸಾಂಶವಿರುವ ಮುಳುಗುವ ಕಾಳು ಬೇಕು. ಪೊಟ್ಟಣದ ಮೇಲೆ 'ಸಿಂಕಿಂಗ್' ಎಂದಿದೆಯೇ ನೋಡಿ. ತೇಲುವ ಕಾಳು, ಮುಳುಗುವ ಕಾಳು ಎರಡರ ಕಚ್ಚಾವಸ್ತು ಹೆಚ್ಚುಕಡಿಮೆ ಒಂದೇ ಇರಬಹುದು, ವ್ಯತ್ಯಾಸ ತಯಾರಿಕೆಯಲ್ಲಿದೆ. ಹಿಟ್ಟನ್ನು ಜೋರು ಶಾಖ, ಒತ್ತಡದಲ್ಲಿ ಬೇಯಿಸಿ ಯಂತ್ರದ ತೂತಿನಿಂದ ಹೊರಗೆ ತಳ್ಳಿದಾಗ ಒಳಗಿನ ಹಬೆ ಹಿಗ್ಗಿ ಕಾಳು ಉಬ್ಬುತ್ತದೆ, ಒಳಗೆ ಗಾಳಿಗುಳ್ಳೆ ಉಳಿದು ತೇಲುತ್ತದೆ. ಉಬ್ಬದಂತೆ ಒತ್ತಿ ಮಾಡಿದ್ದು ಮುಳುಗುತ್ತದೆ. ಪಟ್ಟಿಯಲ್ಲಿ ಮೊದಲ ಹೆಸರು ಮೀನಿನ ಪುಡಿಯೋ ಸೀಗಡಿಯೋ ಆಗಿರಲಿ, ಪ್ರೋಟೀನ್ ಶೇ 35–40ರ ಆಸುಪಾಸು ಇರಲಿ. ಮೊದಲ ಸ್ಥಾನದಲ್ಲೇ ಗೋಧಿಹಿಟ್ಟಿದ್ದರೆ ಆ ಪೊಟ್ಟಣ ಅಲ್ಲೇ ಇಟ್ಟುಬನ್ನಿ. ಮನೆಯ ಅನ್ನ, ಬ್ರೆಡ್ಡು, ಚಪಾತಿ ಚೂರು ಯಾವ ಮೀನಿಗೂ ಬೇಡ, ತಳದ ಮೀನಿಗಂತೂ ಬೇಡವೇ ಬೇಡ. ಅವು ತಳದಲ್ಲಿ ಹುಳಿತು ನೀರು ಕೆಡಿಸುತ್ತವೆ.

ವಾರಕ್ಕೆ ಒಂದೆರಡು ಸಲ ಫ್ರೋಜನ್ ಬ್ಲಡ್‌ವರ್ಮ್ ಕೊಟ್ಟರೆ ಕೋರಿಗಳಿಗೆ ಹಬ್ಬ. ಹೆಸರು ಹುಳವೆಂದಿದ್ದರೂ ಇದು ಕಚ್ಚದ ಜಾತಿಯ ಒಂದು ನೊಣದ ಕೆಂಪು ಮರಿಹುಳ. ಕೆಲವರಿಗೆ ಇದನ್ನು ಮುಟ್ಟಿದರೆ ಕೈ ತುರಿಕೆ, ಅಲರ್ಜಿ ಬರುತ್ತದೆ, ಚಿಮಟದಲ್ಲಿ ಎತ್ತಿ ಹಾಕುವುದು ಒಳ್ಳೆಯದು. ಔಷಧಿ, ಗೊಬ್ಬರ ಸೋಕದ ಕೈತೋಟದ ಮಣ್ಣಿನಿಂದ ತೆಗೆದ ಎರೆಹುಳವನ್ನು ತೊಳೆದು, ಸಣ್ಣಗೆ ಕೊಚ್ಚಿ ಹಾಕಿದರೆ ಅದಕ್ಕಿಂತ ಒಳ್ಳೆಯ ಆಹಾರ ದುಡ್ಡು ಕೊಟ್ಟರೂ ಸಿಗದು. ಜೀವಂತ ಟ್ಯೂಬಿಫೆಕ್ಸ್ ಹುಳವನ್ನು ಮಾತ್ರ ನಾನು ಬೇಡ ಎನ್ನುತ್ತೇನೆ. ಅದು ಬೆಳೆಯುವುದು ಚರಂಡಿಯಂಥ ಕೊಳಕು ನೀರಿನ ಕೆಸರಿನಲ್ಲಿ, ಬರುವಾಗ ರೋಗವನ್ನೂ ಹೊತ್ತುಕೊಂಡು ಬರಬಹುದು.

ಆಹಾರ ಯಾವುದೆಂಬುದಕ್ಕಿಂತ ಅದು ತಳದವರ ಬಾಯಿಗೆ ಸೇರುವಂತೆ ಮಾಡುವುದೇ ಕಮ್ಯುನಿಟಿ ಟ್ಯಾಂಕಿನ ದೊಡ್ಡ ಸವಾಲು. ಮುಳುಗುವ ಕಾಳು ಹಾಕಿದೆ, ನನ್ನ ಕೆಲಸ ಮುಗಿಯಿತು ಎಂದುಕೊಂಡರೆ ಆಗದು. ಕಾಳು ಕೆಳಗಿಳಿಯುವ ದಾರಿಯಲ್ಲೇ ಬಾರ್ಬ್‌ಗಳು ಮುತ್ತುತ್ತವೆ, ತಳ ಮುಟ್ಟಿದ ಬಿಲ್ಲೆಯನ್ನೂ ಏಂಜಲ್ ಕುಕ್ಕಿ ಕುಕ್ಕಿ ಹರಡುತ್ತದೆ. ಅದಕ್ಕೆ ಉಪಾಯ ಬೇಕು. ಮೊದಲು ಮೇಲಿನವಕ್ಕೆ ತೊಟ್ಟಿಯ ಒಂದು ತುದಿಯಲ್ಲಿ ಚಕ್ಕೆ ಉದುರಿಸಿ ಅವುಗಳ ಹೊಟ್ಟೆ ತುಂಬಿಸಿ. ಎಲ್ಲ ಅಲ್ಲಿ ಸೇರಿದಾಗ ಇನ್ನೊಂದು ತುದಿಯಲ್ಲಿ ತಳದ ಕಾಳು ಬಿಡಿ. ಇದು ಹಗಲಿನ ಕ್ರಮ. ಇದಕ್ಕಿಂತ ಖಚಿತವಾದದ್ದು ರಾತ್ರಿಯ ಕ್ರಮ: ತೊಟ್ಟಿಯ ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು, ಕೋಣೆಯ ಬೆಳಕೂ ಕಡಿಮೆಯಾದ ಮೇಲೆ ಕಾಳು ಹಾಕಿ ಮಲಗಿ. ಅಷ್ಟೊತ್ತಿಗೆ ಟೆಟ್ರಾ, ಗಪ್ಪಿಗಳು ಗಿಡಗಳ ನಡುವೆ ತೂಕಡಿಸುತ್ತಿರುತ್ತವೆ. ಕಣ್ಣು ನಂಬಿ ತಿನ್ನುವವಕ್ಕೆ ಕತ್ತಲಲ್ಲಿ ಊಟವಿಲ್ಲ, ಮೀಸೆ ನಂಬುವವಕ್ಕೆ ಕತ್ತಲೇ ಅನುಕೂಲ.

ಜಾಗವನ್ನೂ ಗೊತ್ತುಮಾಡಿಕೊಡಬಹುದು. ಎಣ್ಣೆ ಸೋಕದ ಹೊಸ ಮಣ್ಣಿನ ಹಣತೆಯೊಂದನ್ನು ಒಂದೆರಡು ದಿನ ನೀರಲ್ಲಿ ನೆನೆಸಿ ತಳದಲ್ಲಿಡಿ. ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡನ್ನು ಅದರ ನೇರಕ್ಕೆ ನಿಲ್ಲಿಸಿ, ಮೇಲಿನಿಂದ ಕಾಳು ಜಾರಿಬಿಡಿ. ನಡುನೀರಿನ ಮೀನುಗಳಿಗೆ ಸಿಗದೆ ಕಾಳು ಸೀದಾ ಹಣತೆಗೆ ಬೀಳುತ್ತದೆ. ದಿನವೂ ಒಂದೇ ಜಾಗ, ಒಂದೇ ಹೊತ್ತು ಇಟ್ಟುಕೊಂಡರೆ ಕೆಲವೇ ದಿನಗಳಲ್ಲಿ ಕೋರಿಗಳ ಗುಂಪು ಮುಂಚಿತವಾಗಿ ಬಂದು ಹಣತೆಯ ಸುತ್ತ ಕಾಯತೊಡಗುತ್ತದೆ. ಉಳಿದದ್ದನ್ನು ಬೆಳಿಗ್ಗೆ ಹಣತೆಯೊಂದಿಗೇ ಎತ್ತಿ ಚೆಲ್ಲುವುದೂ ಸುಲಭ. ಗುಂಪು ಎಂದೆನಲ್ಲ, ಕೋರಿಯನ್ನು ಒಂದೋ ಎರಡೋ ತರಬೇಡಿ. ಕನಿಷ್ಠ ಆರಾದರೂ ಒಟ್ಟಿಗಿದ್ದರೆ ಅವು ಧೈರ್ಯವಾಗಿ ಓಡಾಡಿ ತಿನ್ನುತ್ತವೆ, ಒಂಟಿ ಕೋರಿ ಮೂಲೆ ಬಿಟ್ಟು ಹೊರಡುವುದಿಲ್ಲ.

ಸಕ್ಕರ್ ಬಾಯಿಯ ಮೀನುಗಳ ಕತೆ ಬೇರೆ. ಬ್ರಿಸಲ್‌ನೋಸ್ ಎಂಬ, ಮೂತಿಯ ಮೇಲೆ ಕವಲೊಡೆದ ಕುಚ್ಚಿನಂಥ ಬೆಳವಣಿಗೆ ಇರುವ ಜಾತಿ ಮನೆಯ ತೊಟ್ಟಿಗೆ ತಕ್ಕದ್ದು, ಹನ್ನೆರಡು ಹದಿಮೂರು ಸೆಂಟಿಮೀಟರಿಗೆ ಬೆಳವಣಿಗೆ ನಿಲ್ಲುತ್ತದೆ. ಇವುಗಳ ಕರುಳು ಮೈಯುದ್ದದ ಹಲವು ಪಟ್ಟು ಉದ್ದವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಪಾಚಿ, ಸೊಪ್ಪಿನಂಥ ನಾರಿನ ಆಹಾರವನ್ನು ನಿಧಾನಕ್ಕೆ ಅರಗಿಸಿಕೊಳ್ಳಲು ಹಾಗಿದೆ. ಹೊಸ ತೊಟ್ಟಿಯ ಗಾಜಿನ ಮೇಲಿನ ಹಸಿರನ್ನು ಇವು ಕೆಲವೇ ದಿನಗಳಲ್ಲಿ ನೆಕ್ಕಿ ಮುಗಿಸುತ್ತವೆ. ಮಾಲೀಕರು ಗಾಜು ಎಷ್ಟು ಚೊಕ್ಕಟವಾಯಿತೆಂದು ಹಿಗ್ಗುತ್ತಾರೆ. ಗಾಜು ಚೊಕ್ಕಟವಾಯಿತೆಂದರೆ ಆ ಮೀನಿನ ಉಗ್ರಾಣ ಬರಿದಾಯಿತೆಂದೇ ಅರ್ಥ. ಅಂದಿನಿಂದ ಊಟ ನೀವೇ ಹಾಕಬೇಕು. ಸ್ಪಿರುಲಿನಾ ಇರುವ ಪಾಚಿ ಬಿಲ್ಲೆ, ಸಿಪ್ಪೆ ತೆಗೆದ ಸೌತೆಕಾಯಿ ಹೋಳು, ಉಪ್ಪು ಹಾಕದ ಕುದಿನೀರಿನಲ್ಲಿ ಅರೆ ಬೇಯಿಸಿದ ಪಾಲಕ್, ಬೀನ್ಸ್, ಸಿಪ್ಪೆ ಬಿಡಿಸಿದ ಬಟಾಣಿ, ಎಲ್ಲವನ್ನೂ ತಿನ್ನುತ್ತವೆ. ಸೌತೆಕಾಯಿ ತೇಲುವುದರಿಂದ ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಬಿಡಬೇಕು. ರಾತ್ರಿ ಇಟ್ಟದ್ದನ್ನು ಬೆಳಿಗ್ಗೆ ತೆಗೆಯಬೇಕು. ತೊಟ್ಟಿಯಲ್ಲೊಂದು ಮರದ ಬೊಡ್ಡೆ ಇರಲಿ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆಪದರವನ್ನು ಇವು ಇಡೀ ದಿನ ಕೆರೆಯುತ್ತಿರುತ್ತವೆ.

ಒಟೋಸಿಂಕ್ಲಸ್ ಎಂಬ ಕಿರುಬೆರಳಷ್ಟೂ ಇಲ್ಲದ ಪಾಚಿ ತಿನ್ನುವ ಮೀನನ್ನು ತೀರಾ ಹೊಸ ತೊಟ್ಟಿಗೆ ತರಲೇಬಾರದು. ಹಿಡಿದು, ಸಾಗಿಸಿ, ಅಂಗಡಿಗೆ ಬರುವಷ್ಟರಲ್ಲಿ ಅದು ಅರ್ಧ ಉಪವಾಸದಲ್ಲಿರುತ್ತದೆ. ಪಾಚಿಯೇ ಬೆಳೆಯದ ತೊಟ್ಟಿಯಲ್ಲಿ ಮಿಕ್ಕರ್ಧವೂ ಮುಗಿಯುತ್ತದೆ.

ತಳದ ಮೀನು ಹೊಟ್ಟೆ ತುಂಬ ತಿಂದಿದೆಯೇ ಎಂದು ತಿಳಿಯಲು ಅದರ ಹೊಟ್ಟೆಯನ್ನೇ ನೋಡಬೇಕು. ಸಕ್ಕರ್ ಮೀನು ಗಾಜಿಗೆ ಅಂಟಿದಾಗ ಹೊಟ್ಟೆ ನಮ್ಮ ಕಡೆಗಿರುತ್ತದೆ. ದುಂಡಗಿದ್ದರೆ ಸರಿ, ಒಳಕ್ಕೆ ಗುಳಿಬಿದ್ದಿದ್ದರೆ ಅದು ಹಸಿದಿದೆ. ಕಣ್ಣು ಗುಳಿಬಿದ್ದಿದ್ದರೆ ಬಹಳ ದಿನದಿಂದ ಹಸಿದಿದೆ. ಕೋರಿಯನ್ನು ಎದುರಿನಿಂದ ನೋಡಿದಾಗ ಹೊಟ್ಟೆ ತುಂಬಿಕೊಂಡು ಕಾಣಬೇಕು. ತಲೆಯಷ್ಟೇ ದೊಡ್ಡದಾಗಿ, ಹಿಂದೆ ಮೈ ಸಪೂರವಾಗಿ ಕಂಡರೆ ಅಂದು ರಾತ್ರಿಯಿಂದಲೇ ಊಟ ಹೆಚ್ಚಿಸಿ. ಅಂಗಡಿಯಲ್ಲಿ ಕೊಳ್ಳುವ ಮುಂಚೆಯೂ ಇದೇ ಪರೀಕ್ಷೆ ಮಾಡಿ, ಮೀಸೆ ಪೂರ್ತಿ ಇದೆಯೇ ನೋಡಿ.

ಹಾಗೆಂದು ಸುರಿಯಬಾರದು. ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ, ನೀರಿನಲ್ಲಿ ಅವು ಸೊನ್ನೆ ಇರಬೇಕು. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ, ಗಡಸು ಕೊಳವೆಬಾವಿ ನೀರಿನಲ್ಲಿ ಪಿಎಚ್ ಏರಿದಷ್ಟೂ ಅಮೋನಿಯಾದ ವಿಷದ ಪಾಲು ಹೆಚ್ಚುತ್ತದೆ. ಕೊಳೆ ಕೂಡುವುದು ತಳದಲ್ಲಿ, ಅದನ್ನು ಮೊದಲು ಅನುಭವಿಸುವುದೂ ತಳದವರೇ. ಐದಾರು ಕೋರಿಗೆ ಒಂದು ಬಿಲ್ಲೆಯಿಂದ ಶುರುಮಾಡಿ, ಎರಡು ಮೂರು ಗಂಟೆಯಲ್ಲಿ ಏನೂ ಉಳಿಯದಷ್ಟಕ್ಕೆ ಅಳತೆ ಹೊಂದಿಸಿಕೊಳ್ಳಿ. ವಾರಕ್ಕೊಮ್ಮೆ ಸೈಫನ್ ಪೈಪಿನಿಂದ ತಳದ ಕೊಳೆ ಎಳೆದು, ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹಾಕಿಯೇ ಬಿಡಿ. ತೊಟ್ಟಿಯನ್ನು ಕ್ಲೀನ್ ಮಾಡುವವರು ನೀವು, ಮೀನಲ್ಲ. ಬಲಿತ ಆರೋಗ್ಯವಂತ ಮೀನು ವಾರಕ್ಕೊಂದು ದಿನ ಉಪವಾಸವಿದ್ದರೆ ತೊಂದರೆಯಿಲ್ಲ. ಮೂರು ನಾಲ್ಕು ದಿನ ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಫುಡ್ ಡಬ್ಬಿ ಕೊಟ್ಟು ಹೋಗುವುದಕ್ಕಿಂತ ಏನೂ ಹಾಕದಿರುವುದೇ ಮೇಲು.

ಕೊನೆಗೆ, 'ಟ್ಯಾಂಕ್ ಕ್ಲೀನರ್' ಎಂದು ಬೆರಳುದ್ದದಲ್ಲಿ ಮಾರುವ ಸಾಮಾನ್ಯ ಸಕ್ಕರ್ ಮೀನಿನ ಬಗ್ಗೆ ಹೇಳಲೇಬೇಕು. ಟೆರಿಗೋಪ್ಲಿಕ್ತಿಸ್ ಕುಲದ ಈ ಮೀನು 40 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಪ್ರತ್ಯೇಕ ಊಟ ಹಾಕದ ಮನೆಯಲ್ಲಿ ಅದು ಹಸಿವು ತಾಳದೆ, ರಾತ್ರಿ ಗೋಲ್ಡ್ ಫಿಶ್, ಏಂಜಲ್, ಡಿಸ್ಕಸ್‌ಗಳ ಮೈಗೆ ಅಂಟಿಕೊಂಡು ಲೋಳೆ ಹೀರುವುದುಂಟು. ಆ ಮೀನುಗಳ ಮೈಯಲ್ಲಿ ಗಾಯವಾಗುತ್ತದೆ. ಆಗ "ಇದು ರಾಕ್ಷಸ" ಎಂದು ಬೈದು ಬಕೆಟ್ಟಿನಲ್ಲಿ ಒಯ್ದು ಹತ್ತಿರದ ಕೆರೆಗೆ ಬಿಟ್ಟುಬರುತ್ತಾರೆ, ಜೀವ ಉಳಿಸಿದ ತೃಪ್ತಿಯಿಂದ. ಅದು ಕೆರೆಯಲ್ಲಿ ಸಾಯುವುದಿಲ್ಲ. ಹೊಟ್ಟೆಯ ಒಳಪದರದಿಂದ ಗಾಳಿಯನ್ನೂ ಉಸಿರಾಡಬಲ್ಲ ಅದಕ್ಕೆ ಕೊಳಚೆ ನೀರೂ ಒಗ್ಗುತ್ತದೆ. ದಂಡೆಯ ಮಣ್ಣು ಕೊರೆದು ಬಿಲ ಮಾಡಿ ಮೊಟ್ಟೆಯಿಡುತ್ತದೆ, ಏರಿ ಸಡಿಲವಾಗುತ್ತದೆ. ಮುಳ್ಳುಮೈಗೆ ಬಲೆ ಹರಿಯುತ್ತದೆ. ಮೆಕ್ಸಿಕೋದ ಇನ್‌ಫಿಯರ್ನಿಯೋ ಜಲಾಶಯದ ಮೀನುಗಾರಿಕೆಗೆ ಇದು ದೊಡ್ಡ ಪೆಟ್ಟು ಕೊಟ್ಟಿತು. ನಮ್ಮಲ್ಲಿ ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳದ ನೀರಿನಲ್ಲಿ ನೆಲೆಯೂರಿದೆ. ಆಂಧ್ರ, ತೆಲಂಗಾಣದ ಮೀನುಗಾರರು ಇದನ್ನು ದೆವ್ವದ ಮೀನು ಎಂದು ಕರೆಯುತ್ತಾರೆ. ಬಲೆ ತುಂಬ ಇದೇ ಬಂದರೆ ಕೊಳ್ಳುವವರಿಲ್ಲ, ಅವರ ಆ ದಿನದ ದುಡಿಮೆ ಹೋದಂತೆಯೇ.

ಆದ್ದರಿಂದ ಓದುಗರಲ್ಲಿ ಕೆಲವು ಕೋರಿಕೆ. ನಾಲ್ಕೈದು ಅಡಿಗಿಂತ ಚಿಕ್ಕ ತೊಟ್ಟಿಯವರು ಸಾಮಾನ್ಯ ಸಕ್ಕರ್ ಕೊಳ್ಳಲೇಬೇಡಿ, ಬೇಕೆಂದರೆ ಬ್ರಿಸಲ್‌ನೋಸ್ ಕೇಳಿ ತನ್ನಿ. ಈಗಾಗಲೇ ತಂದಿದ್ದು ದೊಡ್ಡದಾಗಿದ್ದರೆ ಅಂಗಡಿಗೆ ವಾಪಸು ಕೊಡಿ, ಇಲ್ಲವೇ ದೊಡ್ಡ ತೊಟ್ಟಿಯಿರುವ ಹವ್ಯಾಸಿಗೆ ಕೊಡಿ. ಕೆರೆಗೆ, ಹೊಳೆಗೆ, ದೇವಸ್ಥಾನದ ಕಲ್ಯಾಣಿಗೆ ಮಾತ್ರ ಬಿಡಬೇಡಿ. ಮತ್ತೆ ಇವತ್ತು ರಾತ್ರಿ ತೊಟ್ಟಿಯ ದೀಪ ಆರಿಸಿದ ಮೇಲೆ, ತಳದವರ ಪಾಲಿನ ಕಾಳನ್ನು ಮರೆಯದೆ ಹಾಕಿ.